ಕೆ-ಟೆಟ್ ಕೆಟಗರಿ 4, ಡ್ರಾಯಿಂಗ್: ಕನ್ನಡದವರು ಹೇಗೆ ಓದುವುದು?

ಬದಿಯಡ್ಕದ ಬಣ್ಣ

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಚಿತ್ರಕಲೆ ಪದವಿ ಮುಗಿಸಿ ಕಾಸರಗೋಡಿನ ನಮ್ಮ ಊರಿಗೆ ಬಂದಿದ್ದೇನೆ. ಇಲ್ಲಿನ ಒಂದು ಯುಪಿ (ಅಪ್ಪರ್ ಪ್ರೈಮರಿ) ಶಾಲೆಯಲ್ಲಿ ದಿನಗೂಲಿ ಲೆಕ್ಕದಲ್ಲಿ ಡ್ರಾಯಿಂಗ್ ಟೀಚರ್. ಕೆಲಸ ಗಟ್ಟಿಯಾಗಬೇಕಾದರೆ ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ ಕೆ-ಟೆಟ್ ಬೇಕು, ಅದೂ ಕೆಟಗರಿ 4. ತೊಂದರೆ ಏನಂದ್ರೆ, ನನಗೆ ಸಿಕ್ಕಿದ ಗೈಡು, ಯೂಟ್ಯೂಬ್ ಪಾಠ, ಕೋಚಿಂಗ್ ಎಲ್ಲವೂ ಮಲಯಾಳದಲ್ಲಿ. ಮಲಯಾಳ ಮಾತಾಡಲು ಸಲೀಸು, ಓದಲು ಕೂತರೆ ಒಂದು ಪುಟಕ್ಕೆ ಅರ್ಧ ಗಂಟೆ. ಹತ್ತನೇ ತನಕ ಓದಿದ್ದು ಕನ್ನಡ ಮಾಧ್ಯಮ. ನಮ್ಮಂಥವರು ಎಲ್ಲಿಂದ ಶುರು ಮಾಡಬೇಕು? ಪರೀಕ್ಷೆಯಲ್ಲಿ ಚಿತ್ರ ಬಿಡಿಸಲು ಇರುತ್ತದಾ? ಕೇಂದ್ರದ ಅರ್ಹತಾ ಪರೀಕ್ಷೆ ಸಿಟೆಟ್ ಬರೆದರೆ ಸಾಕು ಅಂತ ಒಬ್ಬರು ಹೇಳಿದರು, ಅದು ಸರಿಯಾ?

ಮೊಗ್ರಾಲ್ ಮಾಷ್ಟ್ರು

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಸಿಟೆಟ್‌ನಲ್ಲಿ ಡ್ರಾಯಿಂಗ್ ಪೇಪರೇ ಇಲ್ಲ. ಅಲ್ಲಿರುವುದು ಒಂದರಿಂದ ಐದನೇ ತರಗತಿಗೆ ಒಂದು ಪೇಪರ್, ಆರರಿಂದ ಎಂಟಕ್ಕೆ ಒಂದು. ಎರಡನೆಯದರಲ್ಲಿ ಗಣಿತ-ವಿಜ್ಞಾನ ಇಲ್ಲವೇ ಸಮಾಜ ವಿಜ್ಞಾನ. ನಿಮ್ಮ ದಾರಿ ಕೆಟಗರಿ 4. ಡ್ರಾಯಿಂಗ್, ಸಂಗೀತ, ಹೊಲಿಗೆ, ದೈಹಿಕ ಶಿಕ್ಷಣದವರು, ಯುಪಿ ತನಕ ಹಿಂದಿ, ಸಂಸ್ಕೃತ, ಅರೇಬಿಕ್, ಉರ್ದು ಕಲಿಸುವವರು ಎಲ್ಲ ಇದೇ ಕೆಟಗರಿಗೆ ಬರುತ್ತಾರೆ.

ಚಿತ್ರ ಬಿಡಿಸಲು ಇಲ್ಲ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಓಎಂಆರ್ ಹಾಳೆಯಲ್ಲಿ ಗುಂಡಿ ತುಂಬಿಸುವುದು ಅಷ್ಟೆ. ಮಕ್ಕಳ ಬೆಳವಣಿಗೆ ಮತ್ತು ಬೋಧನಾ ವಿಧಾನಕ್ಕೆ 30, ಭಾಷೆಗೆ 40, ಡ್ರಾಯಿಂಗ್ ವಿಷಯಕ್ಕೆ 80. ಭಾಷೆಯಲ್ಲಿ ಮಲಯಾಳ, ಇಂಗ್ಲಿಷ್, ತಮಿಳು, ಕನ್ನಡ ಇವುಗಳಲ್ಲಿ ಒಂದನ್ನು ಆರಿಸಬಹುದು. ತಪ್ಪು ಉತ್ತರಕ್ಕೆ ಅಂಕ ಕಡಿಯುವುದಿಲ್ಲ. ಹಾಗಾಗಿ ಗೊತ್ತಿಲ್ಲದ್ದನ್ನೂ ಖಾಲಿ ಬಿಡಬೇಡಿ.

ಪಾಸಾಗಲು ಸಾಮಾನ್ಯ ವರ್ಗಕ್ಕೆ 90, ಒಬಿಸಿ ಮತ್ತು ಪರಿಶಿಷ್ಟರಿಗೆ 82, ಅಂಗವಿಕಲರಿಗೆ 75.

ಈಗ ಒಂದು ಸಣ್ಣ ಲೆಕ್ಕ ಹಾಕಿ. ಡ್ರಾಯಿಂಗಿನಲ್ಲಿ 80ಕ್ಕೆ 80 ತೆಗೆದರೂ 90 ಆಗುವುದಿಲ್ಲ. 82 ಕೂಡ ಆಗುವುದಿಲ್ಲ. ಚಿತ್ರಕಲೆಯವರು ಬೀಳುವುದು ಇಲ್ಲೇ. ಕೈ ಚೆನ್ನಾಗಿದೆ ಅಂತ ಉಳಿದ 70 ಅಂಕದ ಕಡೆ ನೋಡುವುದೇ ಇಲ್ಲ.

ಕಾವಿ ಗೋಡೆ

ಅಂದರೆ ಪೆನ್ಸಿಲ್ ಹಿಡಿಯಲು ಬಾರದವನೂ ಡ್ರಾಯಿಂಗ್ ಮಾಷ್ಟ್ರಾಗಬಹುದು! ಇದೆಂಥ ಪರೀಕ್ಷೆ ಮಾರಾಯ್ರೆ? ಸಂಗೀತದವರಿಗೂ ಹಾಡಿಸದೆ ಗುಂಡಿ ತುಂಬಿಸಲು ಹೇಳುತ್ತಾರೆ.

ಮೊಗ್ರಾಲ್ ಮಾಷ್ಟ್ರು

ಪೆನ್ಸಿಲ್ ಹಿಡಿಯಲು ಬಾರದವನಿಗೆ ಅರ್ಜಿ ಹಾಕಲೇ ಆಗುವುದಿಲ್ಲ. ಕೇರಳ ಸರ್ಕಾರದ ತಾಂತ್ರಿಕ ಪರೀಕ್ಷೆ ಕೆಜಿಟಿಇ ಡ್ರಾಯಿಂಗ್ ಆಗಲಿ, ಡಿಪ್ಲೊಮಾ ಆಗಲಿ, ಬಿಎಫ್ಎ ಪದವಿ ಆಗಲಿ, ಕೈಯ ಪರೀಕ್ಷೆ ಅಲ್ಲೇ ಮುಗಿದಿರುತ್ತದೆ. ಇಲ್ಲಿ ನೋಡುವುದು ಬೇರೆ. ನಲವತ್ತು ಮಕ್ಕಳ ಮುಂದೆ ನಿಂತು, ಒಬ್ಬೊಬ್ಬರ ಹಾಳೆ ನೋಡಿ, ಏನು ಹೇಳಬೇಕು ಅಂತ ನಿಮಗೆ ಗೊತ್ತಿದೆಯಾ ಅಂತ.

ಬದಿಯಡ್ಕದವರೇ, ನಿಮ್ಮದು ಕರ್ನಾಟಕದ ಪದವಿ ಅಲ್ವಾ? ಬೇರೆ ರಾಜ್ಯದ ಪದವಿಗೆ ಇಲ್ಲಿ ತತ್ಸಮಾನ ಪ್ರಮಾಣಪತ್ರ ಕೇಳುವುದುಂಟು. ಅದನ್ನು ಈಗಲೇ ಓಡಾಡಿ ಮಾಡಿಸಿಟ್ಟುಕೊಳ್ಳಿ. ಪಾಸಾದ ಮೇಲೆ ಅಸಲು ಕಾಗದಗಳ ಪರಿಶೀಲನೆ ಇರುತ್ತದೆ. ಆಗ ಓಡಿದರೆ ಉಸಿರು ಕಟ್ಟುತ್ತದೆ.

ಕಾವಿ ಗೋಡೆ

ಒಪ್ಪಲಾರೆ. ನಮ್ಮ ಶಾಲೆಗೆ ಮೊದಲು ಬಂದ ಒಬ್ಬರಿಗೆ ಎಲ್ಲ ಸರ್ಟಿಫಿಕೇಟೂ ಇತ್ತು. ಬೋರ್ಡಿನಲ್ಲಿ ಒಂದು ಬಾಳೆಮರ ಬಿಡಿಸಲು ಪರದಾಡುತ್ತಿದ್ದರು. ಇರಲಿ, ಈ ಜಗಳ ಆಮೇಲೆ. ಹುಡುಗಿಗೆ ಉತ್ತರ ಕೊಡಿ.

ನೀಲಿ ಪೆನ್ಸಿಲ್

ನಾನು ಕುಂಬಳೆ ಕಡೆಯ ಎಲ್‌ಪಿ ಟೀಚರ್. ಕೆಟಗರಿ 1 ಪಾಸಾಗಿದೆ. ಮಕ್ಕಳ ಬೆಳವಣಿಗೆಯ 30 ಅಂಕದ ಬಗ್ಗೆ ನಾನು ಹೇಳುತ್ತೇನೆ. ಈ ಭಾಗ ಡ್ರಾಯಿಂಗಿನವರಿಗೆ ನಿಜವಾಗಿ ಸುಲಭ. ಏಕೆಂದರೆ ನೀವು ದಿನಾ ನೋಡುವ ಹಾಳೆಗಳಲ್ಲೇ ಅದು ಇದೆ. ಸುಮ್ನೆ ಗೈಡಿನ ಪಟ್ಟಿ ಬಾಯಿಪಾಠ ಮಾಡಬೇಡಿ.

ವಿಕ್ಟರ್ ಲೋವೆನ್‌ಫೆಲ್ಡ್ ಅನ್ನುವವರು ಮಕ್ಕಳ ಚಿತ್ರಗಳನ್ನು ವಯಸ್ಸಿನ ಪ್ರಕಾರ ಹಂತಗಳಾಗಿ ವಿಂಗಡಿಸಿದರು. ಇದು ಡ್ರಾಯಿಂಗಿನ 80ರಲ್ಲೂ ಕೆಲಸಕ್ಕೆ ಬರುತ್ತದೆ, ಮನಶ್ಶಾಸ್ತ್ರದ 30ರಲ್ಲೂ ಬರುತ್ತದೆ.

ಎರಡರಿಂದ ನಾಲ್ಕು ವರ್ಷ ಗೀಚುವ ಹಂತ. ಮೊದಲು ಗುರಿಯಿಲ್ಲದ ಗೀಟು, ಆಮೇಲೆ ಸುತ್ತು ಸುತ್ತು ಗೀಟು, ಕೊನೆಗೆ ಗೀಚಿದ್ದಕ್ಕೆ ಹೆಸರಿಡುವುದು. 'ಇದು ಅಜ್ಜಿ' ಅಂತ ಮಗು ಹೇಳಿದ ದಿನ ದೊಡ್ಡ ದಿನ. ಹಾಳೆಯಲ್ಲಿ ಅಜ್ಜಿ ಕಾಣದಿದ್ದರೂ ಪರವಾಗಿಲ್ಲ.

ನಾಲ್ಕರಿಂದ ಏಳು. ತಲೆಗೇ ನೇರ ಕೈಕಾಲು ಅಂಟಿಸುವ ಮನುಷ್ಯ ಬರುತ್ತಾನೆ. ಹೊಟ್ಟೆಯೇ ಇರುವುದಿಲ್ಲ. ವಸ್ತುಗಳು ಹಾಳೆಯ ಮೇಲೆ ತೇಲುತ್ತಿರುತ್ತವೆ. ಬಣ್ಣ ಮನಸ್ಸಿಗೆ ಬಂದ ಹಾಗೆ. ದನ ನೇರಳೆ, ಆಕಾಶ ಹಸಿರು.

ಏಳರಿಂದ ಒಂಬತ್ತು. ಕೆಳಗೊಂದು ಗೆರೆ ಬರುತ್ತದೆ, ಎಲ್ಲವೂ ಅದರ ಮೇಲೆ ನಿಲ್ಲುತ್ತವೆ. ಮೇಲೆ ಆಕಾಶದ ಪಟ್ಟಿ. ಮರ ಹಸಿರು ಅನ್ನುವ ನಿಯಮ ಹುಟ್ಟುವುದು ಈಗಲೇ. ಬಸ್ಸು ಬಿಡಿಸಿದರೆ ತಗಡಿನ ಆಚೆ ಕೂತವರ ಕಾಲೂ ಕಾಣುತ್ತದೆ. ಇದಕ್ಕೆ ಎಕ್ಸ್‌ರೇ ಚಿತ್ರ ಅನ್ನುತ್ತಾರೆ. ತನಗೆ ಮುಖ್ಯ ಅನಿಸಿದ್ದನ್ನು ಮಗು ದೊಡ್ಡದು ಮಾಡುತ್ತದೆ. ನಮ್ಮ ಕಡೆಯ ಮಕ್ಕಳು ಬಿಡಿಸುವ ತೆಯ್ಯಂ (ದೈವದ ಕೋಲ) ಚಿತ್ರ ನೋಡಿ. ತಲೆಯ ಮೇಲಿನ ಮುಡಿ ಅರ್ಧ ಹಾಳೆ, ದೇಹ ಒಂದು ಬೆರಳು. ಅದು ಅಳತೆ ತಪ್ಪಿದ್ದಲ್ಲ. ಆಟದ ಕಳದಲ್ಲಿ ಮಗುವಿನ ಕಣ್ಣಿಗೆ ಬಿದ್ದದ್ದು ಆ ಮುಡಿ.

ಒಂಬತ್ತರಿಂದ ಹನ್ನೆರಡು. ಗೆರೆ ಮಾಯವಾಗಿ ನೆಲ ಹರಡಿಕೊಳ್ಳುತ್ತದೆ. ಒಂದರ ಹಿಂದೆ ಒಂದು ವಸ್ತು ಮರೆಯಾಗುವುದು ಗೊತ್ತಾಗುತ್ತದೆ. ಗೆಳೆಯರ ಗುಂಪು ಮುಖ್ಯವಾಗುವ ವಯಸ್ಸು. 'ನನಗೆ ಡ್ರಾಯಿಂಗ್ ಬರುವುದಿಲ್ಲ ಟೀಚರ್' ಅಂತ ಮಕ್ಕಳು ಹಾಳೆ ಮಡಚಿಡುವುದು ಇಲ್ಲಿಂದ ಶುರು. ಹನ್ನೆರಡು ದಾಟಿದ ಮೇಲೆ ನೆರಳು, ದೂರ-ಹತ್ತಿರ, ದೇಹದ ಪ್ರಮಾಣ ಎಲ್ಲ ಕಾಡತೊಡಗುತ್ತದೆ.

ಈಗ ಪ್ರಶ್ನೆ ಹೀಗೆ ಬರಬಹುದು ಅಂದುಕೊಳ್ಳಿ. ಐದು ವರ್ಷದ ಮಗು ಆಕಾಶಕ್ಕೆ ಹಸಿರು ಹಚ್ಚಿದೆ, ಶಿಕ್ಷಕರು ಏನು ಮಾಡಬೇಕು? ನಾಲ್ಕು ಆಯ್ಕೆ: ತಿದ್ದಿಸಬೇಕು, ಮಾದರಿ ಕೊಡಬೇಕು, ಚಿತ್ರದ ಬಗ್ಗೆ ಮಗುವನ್ನು ಮಾತಾಡಿಸಬೇಕು, ಕಡಿಮೆ ಅಂಕ ಕೊಡಬೇಕು. ಚಿತ್ರಕಾರನ ಕೈ ತಟ್ಟನೆ 'ಮಾದರಿ ಕೊಡಬೇಕು' ಕಡೆ ಹೋಗುತ್ತದೆ. ಸರಿ ಉತ್ತರ ಮಾತಾಡಿಸುವುದು.

ಮಕ್ಕಳ ಯೋಚನೆ ಬೆಳೆಯುವ ಬಗ್ಗೆ ಮನಶ್ಶಾಸ್ತ್ರಜ್ಞ ಪಿಯಾಜೆ ಹೇಳಿದ ನಾಲ್ಕು ಹಂತಗಳನ್ನು ಇದರ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ. ಎರಡು ವರ್ಷದವರೆಗೆ, ಎರಡರಿಂದ ಏಳು, ಏಳರಿಂದ ಹನ್ನೊಂದು, ಆಮೇಲಿನದು. ಎಷ್ಟು ಚಂದ ಹೊಂದುತ್ತದೆ ನೋಡಿ. ವೈಗೋಟ್‌ಸ್ಕಿ, ಬ್ರೂನರ್ ಎಂಬ ಮನಶ್ಶಾಸ್ತ್ರಜ್ಞರ ಕಲಿಕೆಯ ವಿಚಾರ, ಗಾರ್ಡ್ನರ್ ಅವರ ಬಹುಮುಖ ಬುದ್ಧಿಮತ್ತೆ ಕೂಡ ಓದಿ. ಕೇರಳದ ಪಠ್ಯಕ್ರಮ 2007ರಿಂದ ಮಗು ತಾನೇ ಅರಿವನ್ನು ಕಟ್ಟಿಕೊಳ್ಳುತ್ತದೆ ಅನ್ನುವ ವಿಚಾರದ ಮೇಲೆ ನಿಂತಿದೆ. ಯಾವ ಉತ್ತರ ಅಂತ ಸಂಶಯ ಬಂದರೆ ಮಗುವಿಗೆ ಹೆಚ್ಚು ಜಾಗ ಕೊಡುವ ಉತ್ತರದ ಕಡೆ ವಾಲಿರಿ.

ಬದಿಯಡ್ಕದ ಬಣ್ಣ

ಟೀಚರ್, ಇದನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳುತ್ತೇನೆ. ಕೋಚಿಂಗಿನಲ್ಲಿ ಯಾರೂ ಹೀಗೆ ಹೇಳಲಿಲ್ಲ. ಅಲ್ಲಿ ಹೆಸರು, ಇಸವಿ, ಹೆಸರು, ಇಸವಿ.

ಪೆರ್ಲದ ಪೆನ್ನು

ಭಾಷೆಯ ಬಗ್ಗೆ ಒಂದು ಎಚ್ಚರಿಕೆ. ಅರ್ಜಿ ತುಂಬುವಾಗಲೇ ಕನ್ನಡ ಅಂತ ಆರಿಸಬೇಕು. ಸೈಬರ್ ಅಂಗಡಿಯವರಿಗೆ ಒಪ್ಪಿಸಿ ಬಂದರೆ ಅವರು ಅಭ್ಯಾಸಬಲದಿಂದ ಮಲಯಾಳ ಒತ್ತುತ್ತಾರೆ. ಪಕ್ಕದಲ್ಲೇ ಕೂತು ತುಂಬಿಸಿ.

ಕನ್ನಡ ತಾಯಿಭಾಷೆ, 40 ಕೈಯಲ್ಲೇ ಇದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಸಂಧಿ, ಸಮಾಸ, ವಿಭಕ್ತಿ ಮತ್ತೆ ತೆಗೆದು ಓದಬೇಕು. ಊರೂರು ಲೋಪ, ಮನೆಯನ್ನು ಆಗಮ, ಮಳೆಗಾಲ ಆದೇಶ, ಇಷ್ಟು ನಾಲಿಗೆ ತುದಿಯಲ್ಲಿರಲಿ. ಹೈಸ್ಕೂಲಿನ ವ್ಯಾಕರಣ ಪುಸ್ತಕ ಸಾಕು. ಗದ್ಯಭಾಗ ಕೊಟ್ಟು ಕೇಳುವ ಪ್ರಶ್ನೆಗಳಿಗೆ ಆತುರ ಬೇಡ.

ಸಾಹಿತ್ಯದಲ್ಲಿ ನಮ್ಮ ಊರಿನವರನ್ನಂತೂ ಬಿಡಬೇಡಿ. ಮಂಜೇಶ್ವರದ ಗೋವಿಂದ ಪೈ, 1949ರಲ್ಲಿ ಮದರಾಸು ಸರ್ಕಾರದಿಂದ ರಾಷ್ಟ್ರಕವಿ ಬಿರುದು ಪಡೆದವರು, ದ್ವಿತೀಯಾಕ್ಷರ ಪ್ರಾಸ ಕೈಬಿಟ್ಟು ಹೊಸ ಕಾವ್ಯಕ್ಕೆ ದಾರಿ ಮಾಡಿದವರು. ನೂರು ವರ್ಷ ಬದುಕಿದ ಕಯ್ಯಾರ ಕಿಞ್ಞಣ್ಣ ರೈ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬ. ಕಾಸರಗೋಡಿನಲ್ಲಿ ಹುಟ್ಟಿ ಇವರ ಬಗ್ಗೆ ಒಂದು ಅಂಕ ಬಿಟ್ಟರೆ ಅದಕ್ಕಿಂತ ನಾಚಿಕೆ ಬೇರೆ ಇಲ್ಲ.

ಕಾವಿ ಗೋಡೆ

ಮಲಯಾಳ ಆರಿಸುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನಾಳೆ ಕೆಲಸ ಸಿಕ್ಕಿದ ಮೇಲೆ ಸ್ಟಾಫ್ ಮೀಟಿಂಗ್, ಸರ್ಕ್ಯುಲರ್, ತರಬೇತಿ ಎಲ್ಲ ಮಲಯಾಳದಲ್ಲೇ ಅಲ್ವಾ? ಈಗಲೇ ಕಲಿತರೆ ಏನು ನಷ್ಟ?

ಪೆರ್ಲದ ಪೆನ್ನು

ಕಲಿಯಲಿ, ಯಾರು ಬೇಡ ಅಂದರು? ಪರೀಕ್ಷೆಯ ಹಾಲಿನಲ್ಲಿ ಕಲಿಯುವುದು ಬೇಡ. 40 ಅಂಕ ಪಣಕ್ಕಿಟ್ಟು ಕಲಿಯುವ ಭಾಷೆ ಯಾವುದೂ ಇಲ್ಲ. ಭಾಷಾ ಅಲ್ಪಸಂಖ್ಯಾತರಿಗೆ ಅಂತ ಇರುವ ಸೌಲಭ್ಯವನ್ನು ನಾವೇ ಬಳಸದಿದ್ದರೆ, ನಾಳೆ ಕನ್ನಡ ಆರಿಸುವವರೇ ಇಲ್ಲ ಅಂತ ಅದನ್ನೂ ತೆಗೆದುಹಾಕಿಯಾರು.

ಅಕ್ಕಲಕೋಟೆ ರೇಖೆ

ನಾನು ಮಹಾರಾಷ್ಟ್ರದ ಗಡಿಯವ. ನಮ್ಮಲ್ಲೂ ಕನ್ನಡ ಶಾಲೆಗಳಿವೆ. ಚಿತ್ರಕಲಾ ಶಿಕ್ಷಕರ ದಾರಿ ಮಾತ್ರ ಪೂರ್ತಿ ಬೇರೆ. ಶಾಲೆಯಲ್ಲಿರುವಾಗಲೇ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಅಂತ ಎರಡು ಗ್ರೇಡ್ ಪರೀಕ್ಷೆ ಬರೆಯುತ್ತೇವೆ. ವಸ್ತುಚಿತ್ರ, ಸ್ಮರಣಚಿತ್ರ, ವಿನ್ಯಾಸ, ರೇಖಾಗಣಿತ, ಅಕ್ಷರ ಬರವಣಿಗೆ ಎಲ್ಲ ಕೈಯಲ್ಲೇ ಮಾಡಿ ತೋರಿಸಬೇಕು. ಇಂಟರ್‌ಮೀಡಿಯೆಟ್‌ನಲ್ಲಿ ಎ ಗ್ರೇಡ್ ಬಂದರೆ ಹತ್ತನೆಯ ಫಲಿತಾಂಶಕ್ಕೆ 7 ಅಂಕ ಸೇರುತ್ತದೆ, ಬಿ ಬಂದರೆ 5, ಸಿ ಬಂದರೆ 3. ಅದಕ್ಕೇ ಎಲ್ಲರೂ ಬರೆಯುತ್ತಾರೆ, ಕಲೆಯ ಪ್ರೀತಿಯಿಂದ ಅಂತ ತಿಳಿಯಬೇಡಿ. ಶಿಕ್ಷಕರಾಗಬೇಕು ಅನ್ನುವವರು ಮುಂದೆ ಎಟಿಡಿ ಎಂಬ ಚಿತ್ರಕಲಾ ಶಿಕ್ಷಕರ ಡಿಪ್ಲೊಮಾ ಮಾಡುತ್ತಾರೆ. ಈ ಗ್ರೇಡ್ ಪರೀಕ್ಷೆಗಳೆಲ್ಲ ಮುಂಬೈಯ ಕಲಾ ಸಂಚಾಲನಾಲಯದ ಕೈಯಲ್ಲಿವೆ.

ಕಾವಿ ಗೋಡೆಯವರು ಹೇಳಿದ್ದರಲ್ಲಿ ನನಗೆ ಅರ್ಧ ಒಪ್ಪಿಗೆ. ಕೈಯ ಪರೀಕ್ಷೆ ಮತ್ತೆ ಮತ್ತೆ ಬೇಕು. ಆದರೆ ನಮ್ಮಲ್ಲಿ ಕೈ ಇರುವ ಎಷ್ಟೋ ಮಾಸ್ತರರು ಬೋರ್ಡಿನ ಮೇಲೆ ಒಂದು ಹೂಜಿ ಬಿಡಿಸಿ 'ಇದನ್ನೇ ತೆಗೀರಿ' ಅಂತ ಕುರ್ಚಿಗೆ ಹೋಗಿ ಕೂಡುತ್ತಾರೆ. ಹಸಿರು ಆಕಾಶದ ಪ್ರಶ್ನೆ ಅವರಿಗೂ ಕೇಳಬೇಕಿತ್ತು.

ತಾಳವಾಡಿಯ ಕುಂಚ

ತಮಿಳುನಾಡಿನ ಕಥೆಯನ್ನೂ ಸೇರಿಸುತ್ತೇನೆ. ನಮಗೆ ಲೋಯರ್, ಹೈಯರ್ ಡ್ರಾಯಿಂಗ್ ಸರ್ಕಾರಿ ತಾಂತ್ರಿಕ ಪರೀಕ್ಷೆ, ಅದರ ಮೇಲೆ ಬೇಸಿಗೆಯಲ್ಲಿ ನಡೆಯುವ ಟಿಟಿಸಿ ಶಿಕ್ಷಕ ತರಬೇತಿ. ವಿಶೇಷ ಶಿಕ್ಷಕರ ಹುದ್ದೆಗೆ 2017ರಲ್ಲಿ ಶಿಕ್ಷಕರ ನೇಮಕಾತಿ ಮಂಡಳಿ ಟಿಆರ್‌ಬಿ ಲಿಖಿತ ಪರೀಕ್ಷೆ ಮಾಡಿತ್ತು. ಮನೆಯಲ್ಲಿ ಕನ್ನಡ ಆಡುವ ನಾವು ಎಲ್ಲವನ್ನೂ ತಮಿಳಿನಲ್ಲೇ ಓದಿದೆವು. ನಿಮಗೆ ಕನ್ನಡ ಆರಿಸಲು ಬರುತ್ತದೆ ಅಂತ ಓದಿ ಹೊಟ್ಟೆಕಿಚ್ಚಾಯಿತು.

ಮಧೂರು ಗೆರೆ

ಉಳಿದ 80 ಅಂಕಕ್ಕೆ ಬರೋಣ. ನಾನು ಪಾಸಾದದ್ದು ಇದರಿಂದಲೇ. ಸ್ವಲ್ಪ ಉದ್ದ ಬರೆಯುತ್ತೇನೆ.

ಇಲ್ಲಿ ನಾಲ್ಕೈದು ದಿಕ್ಕಿನಿಂದ ಪ್ರಶ್ನೆ ಬರುತ್ತದೆ. ಬಣ್ಣ ಮತ್ತು ವಿನ್ಯಾಸದ ತತ್ವ, ರೇಖಾಗಣಿತ ಮತ್ತು ದೃಷ್ಟಿಕ್ರಮ, ಮಾಧ್ಯಮ ಮತ್ತು ಸಾಮಗ್ರಿ, ಕಲೆಯ ಇತಿಹಾಸ, ಕಲೆ ಕಲಿಸುವ ವಿಧಾನ. ಪದವಿ ಮಾಡಿದವರಿಗೆ ಇದೆಲ್ಲ ಗೊತ್ತು, ಆದರೆ ಕೈಗೆ ಗೊತ್ತು. ಪ್ರಶ್ನೆಪತ್ರಿಕೆಗೆ ಹೆಸರು ಹಿಡಿದು ಹೇಳಬೇಕು. ಇಸೊಮೆಟ್ರಿಕ್ ಚಿತ್ರದಲ್ಲಿ ಅಡ್ಡ ಅಂಚುಗಳು ಎಷ್ಟು ಡಿಗ್ರಿಗೆ ಏರುತ್ತವೆ? 30. ಸಮ ಪಂಚಭುಜದ ಒಳಕೋನ? 108. ಎ4 ಹಾಳೆ? 210ಕ್ಕೆ 297 ಮಿಲಿಮೀಟರ್. ಇವನ್ನು ದಿನಾ ಬಳಸುತ್ತೇವೆ, ಕೇಳಿದಾಗ ತಡವರಿಸುತ್ತೇವೆ.

ಇತಿಹಾಸ ಅಜಂತಾದಿಂದ ಶುರು ಮಾಡಿ. ಷಡಂಗ, ಅಂದರೆ ಚಿತ್ರಕಲೆಯ ಆರು ಅಂಗ, ತಪ್ಪದೆ ಓದಿ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನ, ಸಾದೃಶ್ಯ, ವರ್ಣಿಕಾಭಂಗ. ಕಾಮಸೂತ್ರಕ್ಕೆ ಯಶೋಧರ ಬರೆದ ವ್ಯಾಖ್ಯಾನದಲ್ಲಿ ಇದು ಬರುತ್ತದೆ. ಆಮೇಲೆ ಮೊಗಲ್, ರಜಪೂತ, ರಾಜಾ ರವಿವರ್ಮ, ಬಂಗಾಳ ಶೈಲಿ. ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಮೈಸೂರಿನ ಕೆ. ವೆಂಕಟಪ್ಪ ಅವನೀಂದ್ರನಾಥ ಟಾಗೋರರ ಶಿಷ್ಯರು. ಅವರನ್ನು ಹಿಡಿದುಕೊಂಡರೆ ಬಂಗಾಳ ಶೈಲಿ ನೆನಪಿನಲ್ಲಿ ಉಳಿಯುತ್ತದೆ. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಮುಂಬೈಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತವರು. ಅವರಿಂದ ಆ ಶಾಲೆಯ ಕಡೆ ಹೋಗಿ.

ಕೇರಳದವರ ಬಗ್ಗೆ ಮಾತ್ರ ನಾವು ಹಿಂದೆ. ಕೆ. ಸಿ. ಎಸ್. ಪಣಿಕ್ಕರ್ ಮತ್ತು 1966ರಲ್ಲಿ ಮದರಾಸಿನ ಹತ್ತಿರ ಕಟ್ಟಿದ ಚೋಳಮಂಡಲ ಕಲಾವಿದರ ಗ್ರಾಮ, ಎ. ರಾಮಚಂದ್ರನ್, ರೇಖಾಚಿತ್ರದ ನಂಬೂದಿರಿ, ಮಲಂಪುಳದ ಯಕ್ಷಿಯನ್ನು ಮಾಡಿದ ಕಾನಾಯಿ ಕುಂಞಿರಾಮನ್. ಕಾನಾಯಿ ನಮ್ಮ ಜಿಲ್ಲೆಯ ಚೆರುವತ್ತೂರು ಕಡೆಯವರು. ಎಷ್ಟು ಜನರಿಗೆ ಗೊತ್ತಿದೆ?

ಭಿತ್ತಿಚಿತ್ರ ಚೆನ್ನಾಗಿ ಓದಿ. ಪದ್ಮನಾಭಪುರಂ, ಮಟ್ಟಾಂಚೇರಿ, ಕೃಷ್ಣಪುರಂ ಅರಮನೆಯ ಗಜೇಂದ್ರಮೋಕ್ಷ. ಒಣಗಿದ ಗೋಡೆಯ ಮೇಲೆ ಬರೆಯುವ ಪದ್ಧತಿ, ಪಂಚವರ್ಣ. ಬಿಳಿಗೆ ಸುಣ್ಣದ ಗೋಡೆಯನ್ನೇ ಖಾಲಿ ಬಿಡುತ್ತಾರೆ, ಕಪ್ಪಿಗೆ ದೀಪದ ಮಸಿ. ನೆಲದ ಮೇಲೆ ಹುಡಿಯಿಂದ ಕಳಂ ಬರೆಯುವುದರಲ್ಲೂ ಐದೇ ಬಣ್ಣ: ಅಕ್ಕಿಹುಡಿಯ ಬಿಳಿ, ಇದ್ದಿಲಿನ ಕಪ್ಪು, ಅರಸಿನದ ಹಳದಿ, ಎಲೆಹುಡಿಯ ಹಸಿರು, ಅರಸಿನಕ್ಕೆ ಸುಣ್ಣ ಸೇರಿಸಿದ ಕೆಂಪು.

ಊರಲ್ಲೇ ನೋಡಲು ಬೇಕಾದಷ್ಟಿದೆ. ಮಧೂರಿಗೆ ಹೋದರೆ ಕೈಮುಗಿದು ಅಪ್ಪ ತಗೊಂಡು ಬರುವುದಷ್ಟೇ ಅಲ್ಲ. ದೇವಸ್ಥಾನದ ಮೂರು ಅಂತಸ್ತಿನ ಗಜಪೃಷ್ಠ (ಆನೆಯ ಬೆನ್ನಿನ ಆಕಾರದ) ಮಾಡು ನೋಡಿ, ಮರದ ಮೇಲಿನ ರಾಮಾಯಣದ ಕೆತ್ತನೆ ನೋಡಿ. ಅನಂತಪುರ ದೇವಸ್ಥಾನದ ಹಳೆಯ ಮೂಲಮೂರ್ತಿ ಕಲ್ಲಿನದಾಗಿರಲಿಲ್ಲ, ಔಷಧೀಯ ವಸ್ತುಗಳನ್ನು ಸೇರಿಸಿ ಮಾಡುವ ಕಡುಶರ್ಕರ ಪಾಕದ್ದಾಗಿತ್ತು. ತೆಯ್ಯದ ಮುಖವರ್ಣಿಕೆ, ತೆಂಕುತಿಟ್ಟು ಯಕ್ಷಗಾನದ ರಾಕ್ಷಸ ಬಣ್ಣದಲ್ಲಿ ಮುಖಕ್ಕೆ ಇಡುವ ಚಿಟ್ಟಿ, ಎಲ್ಲ ಪಠ್ಯಕ್ಕೆ ಸೇರಿದ್ದೇ. ಸ್ಥಳೀಯ ಕಲೆಯನ್ನು ತರಗತಿಗೆ ಹೇಗೆ ತರುತ್ತೀರಿ ಅಂತ ಕೇಳಿದಾಗ ಪುಸ್ತಕದಲ್ಲಿರುವ ಮಹಾರಾಷ್ಟ್ರದ ವಾರ್ಲಿ ಚಿತ್ರದ ತನಕ ಹೋಗಬೇಕಾಗಿಲ್ಲ.

ತಾಳವಾಡಿಯ ಕುಂಚ

ಒಂದು ಸಂಶಯ. ನೀಲಿಯ ಪೂರಕ ಬಣ್ಣ ಕಿತ್ತಳೆ ಅಂತ ನಾವು ಓದಿದ್ದು. ಒಂದು ಮಾದರಿ ಪತ್ರಿಕೆಯಲ್ಲಿ ಹಳದಿ ಅಂತ ಇದೆ.

ಮಧೂರು ಗೆರೆ

ಎರಡೂ ಸರಿ, ಪ್ರಶ್ನೆ ಯಾವುದರ ಬಗ್ಗೆ ಅಂತ ನೋಡಬೇಕು. ಕೆಂಪು, ಹಳದಿ, ನೀಲಿ ಮೂಲ ಅಂತ ಹಿಡಿಯುವ ಬಣ್ಣದ ಚಕ್ರದಲ್ಲಿ ಕಿತ್ತಳೆ. ಬೆಳಕಿನಲ್ಲಿ ಮೂಲ ಕೆಂಪು, ಹಸಿರು, ನೀಲಿ. ಅಲ್ಲಿ ಕೆಂಪು, ಹಸಿರು ಸೇರಿದರೆ ಹಳದಿ, ಹಾಗಾಗಿ ನೀಲಿಗೆ ಹಳದಿ ಪೂರಕ. ಪ್ರಶ್ನೆಯಲ್ಲಿ 'ಬೆಳಕು' ಅನ್ನುವ ಮಾತು ಇದೆಯಾ ಅಂತ ಎರಡು ಸಲ ಓದಿ.

ಬದಿಯಡ್ಕದ ಬಣ್ಣ

ಹಳೇ ಪ್ರಶ್ನೆಪತ್ರಿಕೆ ಎಲ್ಲಿ ಸಿಗುತ್ತವೆ?

ನೀಲಿ ಪೆನ್ಸಿಲ್

ಕೆ-ಟೆಟ್ ನಡೆಸುವ ಪರೀಕ್ಷಾ ಭವನದ ಜಾಲತಾಣದಲ್ಲಿ. ಉತ್ತರಸೂಚಿಯೂ ಅಲ್ಲೇ ಇರುತ್ತದೆ. ಎಸ್‌ಸಿಇಆರ್‌ಟಿಯ ಕನ್ನಡ ಮಾಧ್ಯಮ ಪಠ್ಯಪುಸ್ತಕಗಳು ಪಿಡಿಎಫ್ ಆಗಿ ಸಿಗುತ್ತವೆ, ಭಾಷೆಯ 40ಕ್ಕೆ ಐದರಿಂದ ಹತ್ತರ ತನಕದ ಕನ್ನಡ ಪುಸ್ತಕ ಓದಿ. ಎರಡೂವರೆ ಗಂಟೆ ಗಡಿಯಾರ ಇಟ್ಟುಕೊಂಡು ಪೂರ್ತಿ ಪತ್ರಿಕೆ ಬಿಡಿಸಿ. ಒಂದು ಪ್ರಶ್ನೆಗೆ ಒಂದೇ ನಿಮಿಷ. ಚಿತ್ರಕಾರರು ನಿಧಾನಸ್ಥರು, ಗುಂಡಿಯನ್ನೂ ಶೇಡ್ ಮಾಡಿದ ಹಾಗೆ ಚಂದ ಮಾಡಿ ತುಂಬುತ್ತಾರೆ!

ಕಾವಿ ಗೋಡೆ

ಹ್ಹ ಹ್ಹ. ಅದು ನಾನೇ.

ಒಂದು ಮಾತು ಮಾತ್ರ ಈ ಹುಡುಗಿಗೆ ಹೇಳಿಬಿಡಿ. ಕೆ-ಟೆಟ್ ಪಾಸಾದರೆ ಕೆಲಸ ಸಿಕ್ಕಿತು ಅಂತಲ್ಲ. ಆಮೇಲೆ ಪಿಎಸ್‌ಸಿ ಇದೆ, ಇಲ್ಲವೇ ಅನುದಾನಿತ ಶಾಲೆಯ ಮ್ಯಾನೇಜರ ಬಾಗಿಲು ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಬಂಧದಲ್ಲಿ ಆರರಿಂದ ಎಂಟನೇ ತರಗತಿಗೆ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆಗೆ ಒಬ್ಬ ಬೋಧಕ ಇರಬೇಕು ಅಂತಿದೆ, ಅದೂ ಅರೆಕಾಲಿಕ. ನಮ್ಮ ಕನ್ನಡ ಶಾಲೆಗಳಲ್ಲಿ ಆ ನೂರು ಎಲ್ಲಿಂದ ತರುವುದು?

ಮೊಗ್ರಾಲ್ ಮಾಷ್ಟ್ರು

ಅದು ನಿಜ. ಅಲ್ಲಗಳೆಯುವುದಿಲ್ಲ. ಆದರೆ ಸರ್ಟಿಫಿಕೇಟಿಗೆ ಈಗ ಅವಧಿ ಮುಗಿಯುವ ಭಯ ಇಲ್ಲ, ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ. ಹುದ್ದೆ ಕರೆದ ದಿನ ಕೈಯಲ್ಲಿ ಅದು ಇರಬೇಕು.

ಬದಿಯಡ್ಕದ ಬಣ್ಣ

ಅರ್ಜಿಯಲ್ಲಿ ಕನ್ನಡವೇ ಆರಿಸುತ್ತೇನೆ. ತತ್ಸಮಾನ ಪತ್ರಕ್ಕೆ ಈ ವಾರವೇ ಕಾಗದ ಹೊಂದಿಸುತ್ತೇನೆ. ಕಾಸರಗೋಡು ಪೇಟೆಯಲ್ಲಿ ಭಾನುವಾರ ಒಟ್ಟಿಗೆ ಕೂತು ಓದುವವರು ಇದ್ದರೆ ಹೇಳಿ. ಡ್ರಾಯಿಂಗ್ ನಾನು ನೋಡಿಕೊಳ್ಳುತ್ತೇನೆ, ನನಗೆ ಮನಶ್ಶಾಸ್ತ್ರದವರು ಬೇಕು.

ಪೆರ್ಲದ ಪೆನ್ನು

ಹೊಲಿಗೆ ಟೀಚರ್ ಒಬ್ಬರು ನಮ್ಮ ಊರಲ್ಲಿ ಇದೇ ಕೆಟಗರಿಗೆ ಓದುತ್ತಿದ್ದಾರೆ. 30 ಮತ್ತು 40 ಇಬ್ಬರಿಗೂ ಒಂದೇ ಅಲ್ವಾ. ಕೇಳಿ ನೋಡುತ್ತೇನೆ.